ನಾನೇ ಕಟ್ಟಿ, ನನ್ನದಲ್ಲ ಎಂದ ಒಡಪು

ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರನ್ನು ಸುಮ್ಮನೆ ಬಾಯಿಂದ ತೆಗೆಯುವುದಿಲ್ಲ. ಆದರೆ ಹೇಳಲೇಬೇಕಾದ ಹೊತ್ತೂ ಇದೆ. ಹೊಸ ಮದುಮಗಳು ಅತ್ತೆಯ ಮನೆಯ ಹೊಸ್ತಿಲ ಮುಂದೆ ಬಂದು ನಿಂತಾಗ ಒಳಗಿನ ಹೆಂಗಸರು ಬಾಗಿಲು ಮುಚ್ಚಿ, ಹೆಸರು ಹೇಳಿದರೆ ಮಾತ್ರ ತೆಗೆಯುತ್ತೇವೆ ಎನ್ನುತ್ತಾರೆ. ಆಗ ಅವಳು ನಾಲ್ಕು ಸಾಲು ಪ್ರಾಸ ಹೊಂದಿಸಿ, ಅದರೊಳಗೆ ಗಂಡನ ಹೆಸರು ಕೂಡಿಸಿ ಹೇಳಬೇಕು. ಅದೇ ಒಡಪು. ಚಂದಾಗಿ ಹೇಳಿದವಳನ್ನು ಓಣಿಯವರು ವರ್ಷಗಟ್ಟಲೆ ನೆನೆಯುತ್ತಾರೆ. ತಡವರಿಸಿದವಳನ್ನೂ ಅಷ್ಟೇ ವರ್ಷ ನೆನೆಯುತ್ತಾರೆ.

ಆ ಒಡಪುಗಳನ್ನು ಕಟ್ಟಿಕೊಡುತ್ತಿದ್ದವನು ನಾನು. ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲಿ, ಕಲಬುರಗಿ ಶಹರದ ಬ್ರಹ್ಮಪುರದಲ್ಲಿ, ಶಹಾಬಜಾರದಲ್ಲಿ ನನ್ನ ಒಡಪು ಹೇಳಿ ಒಳಗೆ ಹೋದ ಸೊಸೆಯರು ಎಷ್ಟೋ ಮಂದಿ. ಮುಂದೆ ಬಯಲಾಟಕ್ಕೆ ಪದ ಬರೆದೆ, ಕಥೆ ಬರೆದೆ, ಅಚ್ಚಿನಲ್ಲಿ ನನ್ನ ಹೆಸರನ್ನೂ ನೋಡಿದೆ. ಆದರೆ ಬರೆಯುವ ರುಚಿ ಹತ್ತಿದ್ದು ಒಡಪಿನಿಂದ. ಬರೆಯಲಾಗದೆ ಕೂರುವುದು ಎಂದರೇನು ಎಂದು ತಿಳಿದದ್ದೂ ಒಂದು ಒಡಪಿನಿಂದಲೇ. ಹಾಗೆ ಕೂತ ನಾಲ್ಕು ವರ್ಷಗಳ ಸಂಗತಿಯನ್ನು ಇಷ್ಟು ದಿನ ಎಲ್ಲಿಯೂ ಬರೆದಿಲ್ಲ. ಕೇಳಿದವರಿಗೆ, ಆಗ ಕೆಲಸ ಬಹಳ ಇತ್ತು, ಕೈಗೆ ಪುರುಸೊತ್ತು ಇರಲಿಲ್ಲ ಎಂದು ಹೇಳುತ್ತ ಬಂದಿದ್ದೇನೆ. ಕೆಲಸ ಬಹಳ ಇದ್ದದ್ದು ನಿಜ. ಅದು ಕಾರಣವಾಗಿರಲಿಲ್ಲ.

ಆಗ ನಿಜಾಮರ ಆಳಿಕೆ. ಸರ್ಕಾರಿ ಮದರಸಾದಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ನಾನು ಹೋದದ್ದು ಮೂರನೇ ಇಯತ್ತೆಯವರೆಗೆ. ಅಪ್ಪನ ಸೊಂಟ ಬಿದ್ದುಹೋಯಿತು, ಬಾಳೆ ತೋಟಕ್ಕೆ ನೀರೆತ್ತಲು ಒಬ್ಬ ಬೇಕಾಗಿತ್ತು, ಪಾಟಿಯನ್ನು ಗೂಟಕ್ಕೆ ಸಿಕ್ಕಿಸಿ ಬಾವಿಗೆ ಹೋದೆ. ಕನ್ನಡ ಅಕ್ಷರ ಕಲಿತದ್ದು ಊರ ಮಠದ ಪಡಸಾಲೆಯಲ್ಲಿ, ಮರಳಿನ ಮೇಲೆ ಬೆರಳಾಡಿಸಿ, ಸಂಜೆ ಹೊತ್ತು, ದನಗಳಿಗೆ ಮೇವು ಹಾಕಿ ಬಂದ ಮೇಲೆ. ಇದನ್ನು ಹೇಳಿಕೊಳ್ಳುವಾಗ ಎದೆ ಸ್ವಲ್ಪ ಮುಂದೆ ಬರುತ್ತದೆ. ಈಗಲೂ ಬರುತ್ತದೆ. ಓದು ಬಿಟ್ಟವನು ಎಂದು ಯಾರಾದರೂ ಎಂದರೆ ಸಹಿಸುತ್ತಿರಲಿಲ್ಲ. ಎರಡು ಆಳಿನ ಕೆಲಸ ಒಬ್ಬನೇ ಮಾಡುತ್ತಿದ್ದೆ. ಆ ಗರ್ವ ನನಗೆ ಅನ್ನ ಹಾಕಿದೆ, ಅದು ಮಾಡಿದ ಕೇಡನ್ನೂ ಈಗ ಹೇಳಬೇಕು.

ನಮ್ಮೂರಿನ ಬಾಳೆ ಕೆಂಪು. ಕಾಯಿ ಇದ್ದಾಗಲೂ ಕೆಂಪು, ಹಣ್ಣಾದಾಗಲೂ ಕೆಂಪು. ಬಣ್ಣ ನೋಡಿ ಹಣ್ಣಾಯಿತು ಎನ್ನುವಂತಿಲ್ಲ, ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ ನೋಡಬೇಕು, ಮೂಸಬೇಕು. ಕೋಣೆಯಲ್ಲಿ ಹುಲ್ಲು ಹಾಸಿ ಗೊನೆಗಳನ್ನು ಜೋಡಿಸಿ, ಮೂಲೆಯ ಮಡಕೆಯಲ್ಲಿ ಕುಳ್ಳಿನ ಹೊಗೆ ಇಟ್ಟು, ಬಾಗಿಲ ಸಂದಿಗೆಲ್ಲ ಮಣ್ಣು ಮೆತ್ತುತ್ತಿದ್ದೆ. ಹಣ್ಣಾದ ಮೇಲೆ ಬಂಡಿಯಲ್ಲಿ ಹೇರಿಕೊಂಡು ಕಲಬುರಗಿಗೆ. ಒಂದು ದಿನ ಹೋಗಲು, ಒಂದು ದಿನ ಬರಲು. ಮದುವೆಯ ಮನೆಗಳಿಗೆ ಹಣ್ಣು ಮುಟ್ಟಿಸುವವನು ನಾನೇ ಆದ್ದರಿಂದ ಯಾವ ಮನೆಯಲ್ಲಿ ಮದುವೆ, ಹುಡುಗನ ಹೆಸರೇನು, ಹುಡುಗಿ ನಾಚುವವಳೋ ಮಾತಾಡುವವಳೋ ಎಲ್ಲ ತಿಳಿಯುತ್ತಿತ್ತು. ಒಮ್ಮೆ ಒಬ್ಬ ತಾಯಿ, ಗೊನೆ ಇಳಿಸಿಕೊಳ್ಳುತ್ತ, ಮಗಳಿಗೆ ಒಡಪು ಬರುವುದಿಲ್ಲ ಎಂದು ಗೋಳಾಡಿದಳು. ನಿಂತ ಕಾಲಮೇಲೆ ನಾಲ್ಕು ಸಾಲು ಹೇಳಿದೆ. ಅಲ್ಲಿಂದ ಶುರುವಾಯಿತು.

ಗಂಡಸು ಹೋಗಿ ಮದುಮಗಳಿಗೆ ಕಲಿಸುವುದು ರೀತಿಯಲ್ಲ. ನಾನು ವಹಿಯಲ್ಲಿ ಬರೆದು ಹೆಂಡತಿಗೆ ಓದಿ ಹೇಳುತ್ತಿದ್ದೆ. ಅವಳಿಗೆ ಅಕ್ಷರ ಬಾರದು, ಒಮ್ಮೆ ಕೇಳಿದರೆ ಮರೆಯುತ್ತಿರಲಿಲ್ಲ. ಅವಳು ಹೋಗಿ ಹುಡುಗಿಯ ಮುಂದೆ ಕೂತು, ಎಲ್ಲಿ ಉಸಿರು ಹಿಡಿಯಬೇಕು, ಹೆಸರು ಬಂದಾಗ ಎಲ್ಲಿ ತಲೆ ತಗ್ಗಿಸಬೇಕು ಎಂದು ಕಲಿಸಿ ಬರುತ್ತಿದ್ದಳು. ಕೆಲವು ಸಾಲುಗಳನ್ನು ಅವಳು ಒಪ್ಪುತ್ತಿರಲಿಲ್ಲ. ಇದು ಹೆಣ್ಣಿನ ಬಾಯಿಗೆ ಕೂರುವುದಿಲ್ಲ ಎಂದರೆ ಮುಗಿಯಿತು, ನಾನು ಬದಲಿಸಬೇಕು. ಮೇಲೆ ಸಿಟ್ಟು ತೋರಿಸಿದರೂ ಒಳಗೆ ಅವಳ ಮಾತಿಗೆ ಹೆದರುತ್ತಿದ್ದೆ.

ಈಗ ಆ ಬಾಗಿಲಿನ ಮಾತು.

ಬ್ರಹ್ಮಪುರದಲ್ಲಿ ಒಂದು ದೊಡ್ಡ ಮನೆ. ಕಾಳುಕಡಿ ವ್ಯಾಪಾರದವರು. ಅವರ ಹಿರಿಮಗನ ಮದುವೆಗೆ ಹಣ್ಣು ಕೊಟ್ಟವನು ನಾನು. ಊಟ ಮಾಡಿಯೇ ಹೋಗಬೇಕೆಂದು ಹೇಳಿ ಕಳಿಸಿದ್ದರು. ಎರಡನೇ ಪಂಕ್ತಿ ಎದ್ದ ಮೇಲೆ ನಮ್ಮ ಸರದಿ ಎಂದು ನಾನೂ ಇನ್ನು ಮೂವರು ಬಂಡಿಯವರೂ ಕೈಕಾಲು ತೊಳೆದು ಬಾಗಿಲ ಹತ್ತಿರ ಹೋದೆವು. ನಾವು ಮೆಟ್ಟಿಲು ಹತ್ತುತ್ತಿದ್ದಂತೆ ಬಾಗಿಲು ಮುಚ್ಚಿತು. ಒಳಗಿನಿಂದ ಅಗಣಿ ಬಿದ್ದ ಸಪ್ಪಳ ಕೇಳಿತು. ಕೈ ಇನ್ನೂ ಒದ್ದೆಯಾಗಿತ್ತು. ಓಣಿಯ ಜನ ನೋಡುತ್ತಿದ್ದರು. ಉಳಿದ ಮೂವರು ನಕ್ಕು, ಬಾ ಮಾರಾಯ, ಭಜಿ ತಿನ್ನೋಣ ಎಂದು ಹೊರಟರು. ನಾನು ಏನೂ ತಿನ್ನದೆ ಬಂಡಿ ಹೂಡಿದೆ. ಕಮಲಾಪುರ ಮುಟ್ಟುವವರೆಗೂ ಆ ಅಗಣಿಯ ಸಪ್ಪಳ ಕಿವಿಯಲ್ಲಿತ್ತು.

ಎರಡು ವರ್ಷದ ಮೇಲೆ ಅದೇ ಮನೆಯ ಕಿರಿಮಗನಿಗೆ ನಮ್ಮೂರಿನ ಹುಡುಗಿಯನ್ನು ಕೊಟ್ಟರು. ನಮ್ಮ ತೋಟದ ಪಕ್ಕದ ತೋಟದವರ ಮಗಳು. ಚಿಕ್ಕಂದಿನಿಂದ ನನ್ನನ್ನು ಕಾಕಾ ಎನ್ನುತ್ತಿದ್ದವಳು, ಹೊಗೆಯ ಕೋಣೆ ಬಿಚ್ಚುವ ದಿನ ಮೊದಲ ಹಣ್ಣಿಗೆ ಬಂದು ನಿಲ್ಲುತ್ತಿದ್ದವಳು. ಅವಳಿಗೆ ಒಡಪು ಕಟ್ಟಿದ್ದು ನನಗೆ ಸಂಭ್ರಮವೇ ಆಗಿತ್ತು. ಹೀಗೆ ಕಟ್ಟಿದ್ದೆ:

ಕಮಲಾಪುರದ ಕೆಂಪು ಬಾಳಿ, ಕಲಬುರಗಿಯ ಬಿಳಿ ಜ್ವಾಳ,
ಒಂದ ಬುಟ್ಟ್ಯಾಗ ಇಟ್ಟಾಂಗ ಇರಲಿ ನಮ್ಮಿಬ್ಬರ ಬಾಳ;
ತವರಿನ ಸೆರಗು ಬಿಟ್ಟು ಬಂದೀನಿ, ಅತ್ತಿ ಕೈ ಹಿಡೀಲಿ,
ಇಂಥವರ ಹೆಸರು ಹೇಳೀನಿ, ಬಾಗಿಲ ತೆರೀಲಿ.

‘ಇಂಥವರ’ ಎಂದಿರುವಲ್ಲಿ ಗಂಡನ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ. ಹೆಂಡತಿ ಕೇಳಿ, ಚಲೋ ಅದ ಎಂದಳು. ಅವಳು ಹಾಗೆ ಹೇಳುವುದು ಅಪರೂಪ. ಎರಡು ಸಂಜೆ ಹೋಗಿ ಕಲಿಸಿ ಬಂದಳು.

ಮದುವೆ ನಮ್ಮೂರಲ್ಲಿ ಆಯಿತು. ಮರುದಿನ ಮದುಮಗಳನ್ನು ಕಲಬುರಗಿಗೆ ಕರೆದೊಯ್ಯುವ ಬಂಡಿ ನನ್ನದು. ಮದುಮಗನೂ ಅವನ ಕಡೆಯ ಗಂಡಸರೂ ಮುಂದಿನ ಬಂಡಿಯಲ್ಲಿ ಹೋದರು. ನನ್ನ ಬಂಡಿಯಲ್ಲಿ ಹುಡುಗಿ, ಜೊತೆಗೆ ಕಿವಿ ಮಂದವಾಗಿದ್ದ ಅವಳ ದೂರದ ಸೋದರತ್ತೆ. ಮಹಾಗಾಂವ ದಾಟಿದ ಮೇಲೆ ಹುಡುಗಿ ತಾನೇ ತಾನೇ ಒಡಪು ಹೇಳಿಕೊಳ್ಳತೊಡಗಿದಳು. ನಾನು ಎತ್ತಿನ ಬೆನ್ನು ನೋಡುತ್ತ ಕೇಳುತ್ತಿದ್ದೆ. ‘ಬಾಗಿಲ ತೆರೀಲಿ’ ಎಂದಾಗಲೆಲ್ಲ ನನಗೆ ಆ ಅಗಣಿಯ ಸಪ್ಪಳವೇ ಕೇಳುತ್ತಿತ್ತು. ನಾನು ಹಸಿದು ನಿಂತ ಬಾಗಿಲಿಗೆ ನನ್ನದೇ ಪದ ಕೈಮುಗಿದು ನಿಲ್ಲಬೇಕೆ ಎನ್ನಿಸಿತು. ಆಮೇಲೆ, ಕೇಳದೆಯೇ, ಹೊಸ ಸಾಲು ಬಾಯಿಗೆ ಬಂತು. ಅಷ್ಟು ಸಲೀಸಾಗಿ ಬಂದ ಸಾಲು ಅಲ್ಲಿಯವರೆಗೆ ಬಂದಿರಲಿಲ್ಲ. ಅದನ್ನೇ ಸರಸ್ವತಿಯ ಕೃಪೆ ಎಂದುಕೊಂಡೆ. ನಾಚಿಕೆಯಾಗುತ್ತದೆ, ಆದರೆ ಹಾಗೆ ಅಂದುಕೊಂಡದ್ದು ನಿಜ.

ಕೊನೆಯ ಎರಡು ಸಾಲು ಹಳೆಯವಾದವು ತಂಗಿ, ಇದನ್ನು ಹೇಳು, ಎಲ್ಲರೂ ನಗುತ್ತಾರೆ ಎಂದೆ:

ಉಂಡವರು ಒಳಗ, ಹಸದವರು ಹೊರಗ, ಇದು ಅಂಥಾ ದೊಡ್ಡ ಮನಿ,
ಇಂಥವರ ಹೆಸರು ಹೇಳೀನಿ, ನನಗರ ತಗೀರಿ ಅಗಣಿ.

ಅವಳು ಒಂದು ಸಲ ಹೇಳಿ ನೋಡಿದಳು. ಆ ಮನೆಯ ಹಳೆಯ ಸಂಗತಿ ಅವಳಿಗೂ ಅವಳ ಮನೆಯವರಿಗೂ ಗೊತ್ತಿರಲಿಲ್ಲ. ಶಹರದ ಓಣಿಗೆಲ್ಲ ಗೊತ್ತಿತ್ತು.

“ಹಸದವರು ಅಂದ್ರ ನಾವೇನು ಕಾಕಾ?” ಎಂದಳು.

“ಹೂಂ, ನೀವ. ಮುಂಜಾನಿಂದ ಏನ ತಿಂದೀರಿ?” ಎಂದೆ.

ಅವಳು ನಕ್ಕಳು. ಸೋದರತ್ತೆ ಏನೂ ಕೇಳಿಸದೆ ತೂಕಡಿಸುತ್ತಿದ್ದಳು. ಶಹರ ಬರುವಷ್ಟರಲ್ಲಿ ಹುಡುಗಿ ಹೊಸದನ್ನು ಪೂರಾ ಕಲಿತಿದ್ದಳು.

ಹೊಸ್ತಿಲ ಮುಂದೆ ಓಣಿಯ ಹೆಂಗಸರೆಲ್ಲ ಕೂಡಿದ್ದರು. ನಾನು ಎತ್ತುಗಳ ಹಗ್ಗ ಹಿಡಿದು ಹತ್ತು ಮಾರು ದೂರ ನಿಂತಿದ್ದೆ. ಅವಳು ತಲೆ ತಗ್ಗಿಸಿ, ನನ್ನ ಹೆಂಡತಿ ಕಲಿಸಿದ ಹಾಗೆಯೇ ಉಸಿರು ಹಿಡಿದು, ಸ್ಪಷ್ಟವಾಗಿ ಹೇಳಿದಳು. ಓಣಿಯವರು ಘೊಳ್ಳೆಂದು ನಕ್ಕರು. ಯಾರೋ ಒಬ್ಬಾಕೆ, ಬರೋಬ್ಬರಿ ಹೇಳಿದ್ಲು ನೋಡ್ರಿ ಎಂದಳು. ಬಾಗಿಲು ತೆರೆಯಿತು. ತೆರೆದವಳು ಅತ್ತೆ. ಅವಳ ಕೈಯಲ್ಲಿ ಆರತಿ ತಟ್ಟೆ ಇತ್ತು. ಅದನ್ನು ಪಕ್ಕದವರ ಕೈಗೆ ಕೊಟ್ಟು ಒಳಗೆ ಹೋದಳು. ಹುಡುಗಿ ಅರ್ಥವಾಗದೆ ಆಚೀಚೆ ನೋಡಿದಳು, ಕೊನೆಗೆ ನನ್ನ ಕಡೆ ನೋಡಿದಳು. ನಾನು ಬಗ್ಗಿ ಎತ್ತಿನ ಕಾಲಲ್ಲಿ ಮುಳ್ಳೇನಾದರೂ ಇದೆಯೇ ಎಂದು ನೋಡುವವನ ಹಾಗೆ ಗೊರಸು ಎತ್ತಿದೆ.

ಊರಿಗೆ ಸುದ್ದಿ ನನಗಿಂತ ಒಂದು ದಿನ ತಡವಾಗಿ ಬಂತು. ಹೆಂಡತಿ ಹಿತ್ತಿಲಲ್ಲಿ ಭಾಂಡೆ ತಿಕ್ಕುತ್ತಿದ್ದಳು. ಎದ್ದು ಬಂದು ಬಾಗಿಲಲ್ಲಿ ನಿಂತಳು.

“ನಾ ಕಲಿಸಿದ್ದು ಅದಲ್ಲ,” ಎಂದಳು. “ಅದು ನಿಮ್ದೇನು?”

“ನನ್ನದಲ್ಲ,” ಎಂದೆ. “ಹುಡುಗಿ ತಾನ ಕಟ್ಟಿರಬೇಕು. ಶಾಣ್ಯಾ ಅದಾಳ.”

ಇಷ್ಟೇ ಮಾತು. ಹೆಂಡತಿ ನಂಬಿದಳು. ನನ್ನ ಮೇಲೆ ಸಂಶಯ ಪಡುವ ಅಭ್ಯಾಸ ಅವಳಿಗೆ ಇರಲಿಲ್ಲ. ಯಾರು ಕೇಳಿದರೂ, ನಮ್ಮವರು ಕಟ್ಟಿದ್ದು ಬೇರೆ, ಅದನ್ನು ಹುಡುಗಿಯೇ ತಿರುವಿದಳಂತೆ ಎಂದು ಹೇಳತೊಡಗಿದಳು. ನನ್ನ ಮಾನ ಕಾಯುತ್ತಿದ್ದೇನೆ ಎಂದು ಅವಳ ನಂಬಿಕೆ.

ಮುಂದಿನ ತಿಂಗಳು ಒಂದು ಮದುವೆಗೆ ಒಡಪು ಕೇಳಿದರು. ವಹಿ ತೆಗೆದು ಕೂತೆ. ಏನೂ ಬರಲಿಲ್ಲ. ದಣಿದಿದ್ದೇನೆ ಎಂದುಕೊಂಡೆ. ಮರುದಿನವೂ ಕೂತೆ. ಒಂದು ಸಾಲು ಬರುತ್ತಿತ್ತು, ಅದರ ಬಾಲದಲ್ಲಿ ಬಾಗಿಲು ಇರುತ್ತಿತ್ತು, ಇಲ್ಲವೆ ಅಗಣಿ. ಹೊಡೆದು ಹಾಕಿದರೆ ಮುಂದಿನ ಸಾಲೂ ಅದನ್ನೇ ತರುತ್ತಿತ್ತು. ಕೊನೆಗೆ ಹಳೆಯದೊಂದನ್ನು ಹೆಸರು ಬದಲಿಸಿ ಕೊಟ್ಟೆ. ಮದುವೆಯ ಮನೆಯಲ್ಲಿ ಒಬ್ಬ ಮುದುಕಿ, ಇದು ನಮ್ಮ ಮೊಮ್ಮಗಳು ಹೇಳಿದ್ದು, ಒಬ್ಬರ ಉಟ್ಟ ಸೀರೆ ಇನ್ನೊಬ್ಬರಿಗೆ ಉಡಿಸಿದ ಹಾಗೆ ಆಯಿತಲ್ಲ ಎಂದಳಂತೆ. ಹೆಂಡತಿ ಬಂದು ಹೇಳಿದಾಗ ಅವಳ ಮೇಲೆಯೇ ಹರಿಹಾಯ್ದೆ.

ಬಯಲಾಟದವರಿಗೆ ಅರ್ಧ ಬರೆದುಕೊಟ್ಟ ಆಟವೊಂದಿತ್ತು. ಅವರು ಸುಗ್ಗಿಯವರೆಗೆ ಕಾದರು, ಇನ್ನೊಂದು ಸುಗ್ಗಿಯವರೆಗೂ ಕಾದರು, ಆಮೇಲೆ ಬೇರೆಯವರಿಂದ ಮುಗಿಸಿಕೊಂಡರು. ನಾನು ಕೆಲಸ ಹೆಚ್ಚಿಸಿದೆ. ಇನ್ನೊಬ್ಬರ ತೋಟ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದೆ, ಹೊಗೆಯ ಕೋಣೆ ಒಂದಿದ್ದದ್ದು ಎರಡು ಮಾಡಿದೆ, ಆಳು ಇದ್ದರೂ ಗೊನೆ ನಾನೇ ಹೊತ್ತೆ. ದುಡಿಯುವ ಮೈ ನನಗೆ ಯಾವತ್ತೂ ಮೋಸ ಮಾಡಿರಲಿಲ್ಲ. ದುಡಿದರೆ ಪದವೂ ತಾನಾಗಿ ಬರುತ್ತದೆ ಎಂದು ನಂಬಿದೆ. ಬರಲಿಲ್ಲ. ವಹಿಯ ಮೇಲೆ ಬಾಳೆಯ ಕರೆ ಹತ್ತಿ ಹಾಳೆ ಹಾಳೆಗೆ ಅಂಟಿಕೊಂಡಿತ್ತು.

ಹುಡುಗಿಯ ಅಣ್ಣ ಇಪ್ಪತ್ತೈದರ ಪ್ರಾಯದ ರೈತ, ಮಾತು ಕಡಿಮೆ. ಮೊದಲ ನಾಗರಪಂಚಮಿಗೆ ತಂಗಿಯನ್ನು ಕರೆತರಲು ನನ್ನ ಬಂಡಿಯಲ್ಲೇ ಕಲಬುರಗಿಗೆ ಬಂದ. ಕೈಯಲ್ಲಿ ಸೀರೆಯ ಗಂಟು, ಎಳ್ಳಿನ ಉಂಡಿಯ ಡಬ್ಬಿ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರದಿದ್ದರೆ ನಮ್ಮಲ್ಲಿ ಅದು ಹಬ್ಬವೇ ಅಲ್ಲ. ಅವರ ಮನೆಯ ಬೇವಿನ ಮರಕ್ಕೆ ಅವರಜ್ಜಿ ಆಗಲೇ ಜೋಕಾಲಿಯ ಹಗ್ಗ ಕಟ್ಟಿಸಿದ್ದಳು. ಮರುದಿನ ಅವನು ಅದೇ ಗಂಟು ಹಿಡಿದು ಒಬ್ಬನೇ ಬಂದು ನನ್ನ ಖಾಲಿ ಬಂಡಿಯಲ್ಲಿ ಕೂತ. ಕಳಿಸಲಿಲ್ಲವೆ ಎಂದು ಕೇಳಿದೆ. ಇಲ್ಲ ಎಂದ. ಕಪನೂರು ದಾಟಿದ ಮೇಲೆ ಉಳಿದದ್ದು ಹೇಳಿದ. ಮನೆಯ ಮಾನ ಹೊಸ್ತಿಲಲ್ಲೇ ತೆಗೆಯುವಂತೆ ಕಲಿಸಿ ಕಳಿಸಿದ ತವರಿಗೆ ಮತ್ತೆ ಕಳಿಸಿ ಇನ್ನೇನು ಕಲಿಸಿಕೊಂಡು ಬರಲಿ ಎಂದು ಅತ್ತೆ ಕೇಳಿದಳಂತೆ. ಹೊಡೆಯುವುದಿಲ್ಲ, ಬಯ್ಯುವುದಿಲ್ಲ, ಉಣ್ಣಲು ಉಡಲು ಕಡಿಮೆ ಮಾಡಿಲ್ಲ. ಕಳಿಸುವುದಿಲ್ಲ, ಅಷ್ಟೆ.

ಎರಡನೇ ವರ್ಷವೂ ಹಾಗೆಯೇ. ಅವನು ಇಳಿದು ಹೋದ ಮೇಲೆ ನಾನು ಸಂತೆಯಲ್ಲಿ ಹಣ್ಣು ಮಾರುತ್ತ ಕೂತಿರುತ್ತಿದ್ದೆ. ತಿರುಗಿ ಬರುವಾಗ ದೂರದಿಂದಲೇ ನೋಡಿ, ಒಬ್ಬನೋ ಇಬ್ಬರೋ ಎಂದು ಲೆಕ್ಕ ಹಾಕುತ್ತಿದ್ದೆ. ಒಬ್ಬನೇ. ಮೂರನೇ ವರ್ಷ ಚೈತ್ರದಲ್ಲಿ ಅಜ್ಜಿ ತೀರಿಕೊಂಡಳು. ಅತ್ತೆಯ ಮನೆಯವರು ಹುಡುಗಿಯನ್ನು ಮಣ್ಣಿಗೆ ಕರೆತಂದು ಮರುದಿನವೇ ಕರೆದುಕೊಂಡು ಹೋದರು. ನಾನು ಮಣ್ಣಿಗೆ ಹೋಗಿದ್ದೆ. ಹೆಂಗಸರ ನಡುವೆ ಅವಳು ಕಂಡಳು. ನಾನು ಹಿಂದಿನ ಸಾಲಿಗೆ ಸರಿದೆ. ಆ ವರ್ಷದ ಪಂಚಮಿಗೂ ಅಣ್ಣ ಹೋದ, ಒಬ್ಬನೇ ಬಂದ. ಮರದಲ್ಲಿ ಜೋಕಾಲಿ ಕಟ್ಟಿಸುವವರು ಇರಲಿಲ್ಲ.

ಇಷ್ಟಾದರೂ ನಾನು ಬಾಯಿ ಬಿಡಲಿಲ್ಲ ಏಕೆ ಎಂದು ಕೇಳಿದರೆ, ಮೊದಲ ದಿನ ಹೇಳುವುದು ಸುಲಭವಿತ್ತು, ಎರಡನೇ ವರ್ಷ ಕಷ್ಟವಾಯಿತು, ಮೂರನೇ ವರ್ಷಕ್ಕೆ ಆ ಸುಳ್ಳು ನನಗಿಂತ ದೊಡ್ಡದಾಗಿತ್ತು. ಮೂರನೇ ಇಯತ್ತೆ ಬಿಟ್ಟವನಿಗೆ ಊರಲ್ಲಿದ್ದ ಮಾನವೆಲ್ಲ ಆ ವಹಿಯದು. ಅದನ್ನು ನಾನೇ ಹೋಗಿ ಆ ಮನೆಯ ಹೆಂಗಸಿನ ಕಾಲ ಬುಡದಲ್ಲಿ ಇಡಲಾರದಾದೆ. ವಹಿ ಖಾಲಿಯಾಗಿ ಮೂರು ವರ್ಷವಾಗಿತ್ತು ಎನ್ನುವುದನ್ನೂ ಆಗ ಲೆಕ್ಕಕ್ಕೆ ಹಿಡಿಯಲಿಲ್ಲ.

ನಾಲ್ಕನೇ ವರ್ಷ ಮಳೆ ಹಿಡಿದುಕೊಂಡಿತ್ತು. ಎರೆಮಣ್ಣು ಗಾಲಿಗೆ ಮೆತ್ತಿ, ಇಬ್ಬರೂ ಇಳಿದು ಬಂಡಿ ನೂಕಬೇಕಾಯಿತು. ಶಹರದ ನಾಕಾ ಹತ್ತಿರ ಬಂದಾಗ ಅವನು ಗಾಲಿಯ ಮಣ್ಣು ಕೆರೆಯುತ್ತ, ಈ ಸಲ ಕೊನೆ, ಮುಂದಿನ ವರ್ಷ ಬರುವುದಿಲ್ಲ ಎಂದ.

“ಹಿಂದ್ಕ ಒಮ್ಮೆ ಆಕಿನ್ನ ಕೇಳಿದ್ವಿ ಕಾಕಾ,” ಎಂದ. “ಅಜ್ಜಿ ಮಣ್ಣಿನ ದಿನ. ಖರೇನ ನೀ ಕಟ್ಟೀದೇನು ಅಂದ್ರ, ಹೌದು, ನಾನ ಕಟ್ಟೀನಿ ಅಂದಳು. ನಮ್ಮವ್ವ ಅವತ್ತಿನಿಂದ ಆಕಿ ಹೆಸರ ಎತ್ತಂಗಿಲ್ಲ.”

ನನ್ನ ಕೈಯಲ್ಲಿ ಎತ್ತಿನ ಹಗ್ಗ ಇತ್ತು. ಅದನ್ನು ಅವನ ಕೈಗೆ ಕೊಟ್ಟೆ. ಬಂಡಿ ಸಂತೆಯ ಕಡೆ ಹೊಡೆಯಬೇಡ, ಬ್ರಹ್ಮಪುರಕ್ಕೆ ಹೊಡೆ ಎಂದೆ. ದಾರಿಯಲ್ಲಿ ಅವನಿಗೆ ಎಲ್ಲ ಹೇಳಿದೆ. ಅವನು ಬಂಡಿ ನಿಲ್ಲಿಸಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. ಒಂದು ಮಾತು ಬಯ್ದಿದ್ದರೆ ಹಗುರಾಗುತ್ತಿತ್ತು. ಬಯ್ಯಲಿಲ್ಲ.

ಬಾಗಿಲು ಅದೇ. ಬಡಿದೆ. ಅತ್ತೆ ತೆರೆದಳು. ನಾಲ್ಕು ವರ್ಷದಲ್ಲಿ ಅವಳ ಕೂದಲು ಪೂರಾ ಬೆಳ್ಳಗಾಗಿತ್ತು. ಹಿಂದೆ ಪಡಸಾಲೆಯಲ್ಲಿ ಹೆಂಗಸರು ಹಬ್ಬಕ್ಕೆ ಜೋಳದ ಅಳ್ಳು ಹುರಿಯುತ್ತಿದ್ದರು, ಅವರ ನಡುವೆ ಸೊಸೆ. ನಾನು ಹೊಸ್ತಿಲ ಹೊರಗೇ ನಿಂತು ಹೇಳಿದೆ. ಮೊದಲಿನಿಂದ. ಒದ್ದೆ ಕೈ, ಅಗಣಿ, ಮಹಾಗಾಂವದ ದಾರಿ, ಹುಡುಗಿ ಕೇಳಿದ ಪ್ರಶ್ನೆ, ನಾನು ಕೊಟ್ಟ ಉತ್ತರ. ಅತ್ತೆ ಪೂರಾ ಕೇಳಿದಳು.

“ಅವತ್ತ ಬಾಗಿಲ ಹಾಕಿದಾಕಿ ನಾನ,” ಎಂದಳು. “ಒಳಗ ಅನ್ನ ತೀರಿತ್ತು. ಹೋಳಿಗಿ ತೀರಿದ್ವು. ಕರದವರಿಗೆ ಇಲ್ಲ ಅನ್ನಾಕ ಬಾಯಿ ಬರಲಿಲ್ಲ, ಅಗಣಿ ಹಾಕಿ ಅದರ ಹಿಂದ ಕುಂತು ಅತ್ತೀನಿ. ನೀ ಒಂದ ಊಟಕ್ಕ ಆರು ವರ್ಷ ಸಿಟ್ಟ ಹಿಡದಿ?”

ಆ ಬಾಗಿಲ ಹಿಂದೆ ಒಬ್ಬಳು ಅಳುತ್ತ ಕೂತಿರಬಹುದು ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಪದ ಕಟ್ಟುವವನಿಗೆ ಹೊಳೆಯಬೇಕಾಗಿತ್ತು.

“ಈಗರ ಖರೇ ಹೇಳಾಕತ್ತೀದಿ ಅಂತ ಹ್ಯಾಂಗ ನಂಬೂದು?” ಎಂದಳು. “ನೀ ಕಟ್ಟಾವ ಇದ್ರ ಇಲ್ಲೇ ಕಟ್ಟು. ಹೊಸಾದು. ಹೇಣತಿ ಹೆಸರ ಹೇಳು. ಹೇಳೂತನಾ ನಾ ಬಾಗಿಲ ತಗಿಯಂಗಿಲ್ಲ.”

ಹಾಗೆ ಹೇಳಿ ನಿಜವಾಗಿಯೂ ಬಾಗಿಲು ಹಾಕಿಕೊಂಡಳು. ಅಗಣಿ ಬಿತ್ತು. ಒಳಗೆ ಹೆಂಗಸರು ಕಿಸಿಕಿಸಿ ನಗುವುದು ಕೇಳಿಸಿತು. ಬಾಳೆಹಣ್ಣಿನವನು ಮದುಮಗಳಾಗಿ ನಿಂತಿದ್ದಾನೆ, ಸೆರಗು ಹೊದಿಸಿರಿ ಎಂದಳು ಒಬ್ಬಳು. ಎದುರು ಮನೆಯ ಕಟ್ಟೆಯ ಮೇಲೆ ಜನ ಕೂಡಿದರು. ತುಂತುರು ಹನಿಯುತ್ತಿತ್ತು. ನಾನು ನಿಂತೆ. ಒಂದು ಸಾಲೂ ಇಲ್ಲ. ಹಳೆಯದು ಯಾವುದಾದರೂ ಒಂದು ಹೇಳಿ ಮುಗಿಸೋಣ ಎಂದು ನೋಡಿದೆ, ಅದೂ ನಾಲಗೆಗೆ ಬರಲಿಲ್ಲ. ಬಂಡಿಯ ಹತ್ತಿರ ಅಣ್ಣ ನಿಂತಿದ್ದ, ಈ ನಾಲ್ಕು ವರ್ಷ ನಾನು ನಿಂತ ಹಾಗೆ, ದೂರದಿಂದ ನೋಡುತ್ತ. ಎಷ್ಟು ಹೊತ್ತು ನಿಂತೆನೋ, ಅಂಗಿ ಬೆನ್ನಿಗೆ ಅಂಟಿತ್ತು. ಆಮೇಲೆ ಚಂದದ ಸಾಲು ಹುಡುಕುವುದನ್ನು ಬಿಟ್ಟೆ. ಇದ್ದದ್ದನ್ನು ಹೇಳಿದೆ:

ಹಸದು ನಿಂತವ ನಾನ, ಸಿಟ್ಟಿಲೆ ಕಟ್ಟಿದವ ನಾನ,
ಮಗಳ ಬಾಯಾಗ ಇಟ್ಟು ಸುಮ್ಮನ ಕುಂತವ ನಾನ;
ಇಂಥಾಕಿ ಗಂಡ ಅಂತ ಹೇಳಾಕ ನಾಚಿಕಿ ಬರತೈತಿ,
ತಪ್ಪು ನಂದು, ಆಕಿದಲ್ಲ.

‘ಇಂಥಾಕಿ’ ಎಂದಿರುವಲ್ಲಿ ಹೆಂಡತಿಯ ಹೆಸರು. ಕೊನೆಯ ಸಾಲಿಗೆ ಪ್ರಾಸ ಸಿಗಲಿಲ್ಲ. ಎದುರು ಕಟ್ಟೆಯ ಮೇಲೆ ಯಾರೋ, ಇದ್ಯಾವ ಒಡಪೋ ಎಂದರು. ಬಾಗಿಲು ತೆರೆಯಿತು. ಅತ್ತೆ ನನ್ನನ್ನು ನೋಡಲಿಲ್ಲ. ಹಿಂದೆ ತಿರುಗಿ, ಬಾಳೆಹಣ್ಣಿನವನಿಗೂ ಬೀಗರಿಗೂ ತಾಟು ಹಾಕಿರಿ ಎಂದಳು. ಆರು ವರ್ಷದ ಹಿಂದಿನ ಆ ಊಟವನ್ನು ಅವತ್ತು ಉಂಡೆ. ಬಡಿಸಿದವಳು ಸೊಸೆ. ರೊಟ್ಟಿ ಹಾಕುವಾಗ ಅವಳ ಕೈ ಮಾತ್ರ ಕಂಡಿತು, ಮುಖ ನೋಡುವ ಧೈರ್ಯ ನನಗಿರಲಿಲ್ಲ. ಊಟದ ರುಚಿ ಏನೆಂದು ನೆನಪಿಲ್ಲ. ಎಂಟು ದಿನಕ್ಕೆ ಕಳಿಸುತ್ತೇನೆ, ಒಂಬತ್ತನೆಯ ದಿನ ಇಲ್ಲಿರಬೇಕು ಎಂದಳು ಅತ್ತೆ, ಅಣ್ಣನಿಗೆ.

ಮರುದಿನ ಬಂಡಿಯಲ್ಲಿ ಮೂವರು. ಅಣ್ಣ ಹಗ್ಗ ಹಿಡಿದಿದ್ದ. ಮಹಾಗಾಂವದ ಹತ್ತಿರ, ನಾಲ್ಕು ವರ್ಷದ ಹಿಂದೆ ಅವಳು ಒಡಪು ಹೇಳಿಕೊಳ್ಳುತ್ತಿದ್ದ ಜಾಗದಲ್ಲೇ, ನನ್ನಿಂದ ತಡೆಯಲಾಗಲಿಲ್ಲ. ನಾನ ಕಟ್ಟೀನಿ ಅಂತ ಯಾಕೆ ಅಂದೆ ತಂಗಿ ಎಂದು ಕೇಳಿದೆ.

ಅವಳು ಹೊಲಗಳ ಕಡೆ ನೋಡುತ್ತಿದ್ದಳು. “ಅವತ್ತ ಬಾಗಲದಾಗ ನಿಮ್ಮ ಕಡೆ ನೋಡಿದ್ದೆ ಕಾಕಾ,” ಎಂದಳು. “ನೀವ ಬಂದು ಹೇಳತೀರಿ ಅಂತ ಕಾದೆ. ಎತ್ತಿನ ಕಾಲ ನೋಡಾಕತ್ತಿದ್ರಿ. ಆ ಮ್ಯಾಲ ನಾ ಹೇಳಿದ್ರ ಯಾರು ನಂಬತಾರ? ಕಾಕೂನೂ ನಂಬತಿದ್ದಿಲ್ಲ.”

ಕಾಕೂ ಎಂದರೆ ನನ್ನ ಹೆಂಡತಿ. ಆ ಸಂಜೆ ಮನೆಗೆ ಹೋಗಿ ಅವಳಿಗೂ ಹೇಳಿದೆ. ಅವಳು ಎದ್ದು ಸೀರೆ ಕೊಡವಿಕೊಂಡು ಆ ಹುಡುಗಿಯ ಮನೆಗೆ ಹೋದಳು. ಎಷ್ಟೋ ಹೊತ್ತು ಬರಲಿಲ್ಲ. ಬಂದ ಮೇಲೆ ನನಗೆ ಊಟಕ್ಕೆ ಬಡಿಸಿದಳು. ಮಾತಾಡಿದ್ದು ನಾಲ್ಕನೇ ದಿನ. ನನ್ನ ಬಾಯಲ್ಲಿ ಸುಳ್ಳು ಹೇಳಿಸಿದಿರಿ ಎಂದಳು. ಮುಂದೆ ಎಷ್ಟೋ ವರ್ಷ ಒಟ್ಟಿಗೆ ಬಾಳಿದೆವು. ಆ ಮಾತು ಮತ್ತೆ ಎತ್ತಲಿಲ್ಲ. ಆದರೆ ಅದಾದ ಮೇಲೆ ನಾನು ಯಾವ ಸುದ್ದಿ ಹೇಳಿದರೂ ಒಂದು ಗಳಿಗೆ ನನ್ನ ಮುಖ ನೋಡಿ ಆಮೇಲೆ ಹೂಂ ಎನ್ನುತ್ತಿದ್ದಳು.

ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ಹಗ್ಗ ಹೊಸದು. ಅಜ್ಜಿಯ ಹಗ್ಗ ಎಲ್ಲಿಟ್ಟಿದ್ದಳೋ ಯಾರಿಗೂ ಸಿಗಲಿಲ್ಲವಂತೆ. ನಾನು ಆ ಕಡೆ ಹೋಗಲಿಲ್ಲ. ನಮ್ಮ ತೋಟದಿಂದ ಹೆಂಗಸರ ದನಿ ಕೇಳುತ್ತಿತ್ತು, ನೀರು ಹಾಯಿಸುತ್ತ ಕೇಳಿದೆ.

ಒಂಬತ್ತನೆಯ ದಿನ ಅವಳನ್ನು ತಿರುಗಿ ಬಿಟ್ಟು ಬರಲು ನನ್ನ ಬಂಡಿಯೇ ಹೋಯಿತು. ಹಾಗೆಂದು ಅವಳ ತಾಯಿಯೇ ಹೇಳಿ ಕಳಿಸಿದಳು. ಅದು ಕ್ಷಮೆಯೋ ಶಿಕ್ಷೆಯೋ ನನಗೆ ತಿಳಿಯಲಿಲ್ಲ. ಬ್ರಹ್ಮಪುರದ ಆ ಬಾಗಿಲ ಮುಂದೆ ಅವಳು ಇಳಿದಾಗ ಅತ್ತೆ ಒಳಗೆ ಬಿಡಲಿಲ್ಲ. ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು, ಹೆಸರು ಹೇಳಿ ಬಾ ಎಂದಳು. ನಾಲ್ಕು ವರ್ಷ ಆ ಮನೆಯಲ್ಲಿ ಯಾರೂ ಅವಳಿಂದ ಹೆಸರು ಹೇಳಿಸಿರಲಿಲ್ಲ. ಹಬ್ಬದ ಆರತಿಯಲ್ಲೂ ಹೇಳಿಸಿರಲಿಲ್ಲವಂತೆ.

“ಮಂದಿ ಕಟ್ಟಿದ್ದು ಬ್ಯಾಡ,” ಎಂದಳು ಅತ್ತೆ, ನನ್ನ ಕಡೆ ಒಮ್ಮೆ ನೋಡಿ. “ನಿಂದ ಹೇಳು.”

ನಾನು ಈ ಸಲ ಎತ್ತಿನ ಕಾಲು ನೋಡಲಿಲ್ಲ. ಹಗ್ಗ ಹಿಡಿದು ಮುಖ ಎತ್ತಿ ನಿಂತೆ. ನನ್ನ ಮೊದಲಿನ ಒಡಪು, ಕೆಂಪು ಬಾಳೆ ಬಿಳಿ ಜೋಳದ್ದು, ಹೇಳುತ್ತಾಳೆ ಎಂದುಕೊಂಡೆ. ಹೇಳಲಿ ಎಂದು ಒಳಗೆ ಆಸೆಯೂ ಇತ್ತು, ಅಷ್ಟೆಲ್ಲ ಆದ ಮೇಲೂ. ಅವಳು ಅದನ್ನು ಹೇಳಲಿಲ್ಲ. ತನ್ನದೇ ನಾಲ್ಕು ಸಾಲು ಹೇಳಿದಳು. ಅಜ್ಜಿ ಇದ್ದಳು ಅದರಲ್ಲಿ, ಜೋಕಾಲಿ ಇತ್ತು, ಗಂಡನ ಹೆಸರು ಎಷ್ಟು ಮೆತ್ತಗೆ ಬಂತೆಂದರೆ ಬಂದದ್ದೇ ಗೊತ್ತಾಗಲಿಲ್ಲ. ಯಾರೂ ನಗಲಿಲ್ಲ. ಅತ್ತೆ ಕೈ ಇಳಿಸಿ ದಾರಿ ಬಿಟ್ಟಳು. ಹುಡುಗಿ ತಾನೇ ಕಟ್ಟಿರಬೇಕು, ಶಾಣ್ಯಾ ಅದಾಳ ಎಂದು ನಾನು ಹೇಳಿದ್ದು ನೆನಪಾಯಿತು.

ಅಲ್ಲಿಂದ ಸಂತೆಗೆ ಹೋದೆ. ಹಣ್ಣು ಇಳಿಸಿ, ಬಂಡಿಯ ನೆರಳಲ್ಲಿ ಕೂತು, ಚೀಲದಿಂದ ವಹಿ ತೆಗೆದೆ. ಅಂಟಿದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿದೆ. ಮೂರು ಹಾಳೆ ಖಾಲಿ ಬಿಟ್ಟು, ಅವಳ ನಾಲ್ಕು ಸಾಲು ಮರೆಯುವ ಮೊದಲು ಬರೆದಿಟ್ಟೆ, ಕೆಳಗೆ, ಇದು ನನ್ನದಲ್ಲ ಎಂದು ಬರೆದೆ. ನಾಲ್ಕು ವರ್ಷದ ಮೇಲೆ ಆ ವಹಿಯಲ್ಲಿ ನಾನು ಬರೆದ ಮೊದಲ ಮಾತು ಅದು. ಪೆನ್ಸಿಲು ಕೈಯಲ್ಲೇ ಇತ್ತು. ಹಣ್ಣು ಒತ್ತಿ ನೋಡಲು ಒಬ್ಬ ಗಿರಾಕಿ ಬಂದ, ತೊಟ್ಟಿನ ಹತ್ತಿರ ಒತ್ತು ಎಂದು ಹೇಳಿ ಮುಂದಿನ ಹಾಳೆ ತಿರುವಿದೆ. ಒಂದು ಸಾಲು ಬಂತು. ಸಾಧಾರಣ ಸಾಲು. ಅದರಲ್ಲಿ ಬಾಗಿಲು ಇರಲಿಲ್ಲ. ಅದರ ಹಿಂದೆ ಇನ್ನೊಂದು ಬಂತು.

ಆ ಮೇಲೆ ಬಹಳ ಬರೆದೆ, ಹೊಗಳಿಸಿಕೊಂಡೆ. ಅವಳ ಆ ನಾಲ್ಕು ಸಾಲುಗಳನ್ನು ಇಲ್ಲಿ ಬರೆದಿಲ್ಲ, ಬರೆಯಲು ಅವಳನ್ನು ಕೇಳಿಲ್ಲ. ಅವು ಆ ಹಳೆಯ ವಹಿಯಲ್ಲೇ ಇವೆ, ಬಾಳೆಯ ಕರೆ ಹತ್ತಿದ ಹಾಳೆಯ ಮೇಲೆ. ಅದಕ್ಕಿಂತ ಹಿಂದಿನ ಖಾಲಿ ಹಾಳೆಗಳನ್ನು ನಾನು ತುಂಬಿಸಲಿಲ್ಲ. ತವರಿಗೆ ಬಾರದೆ ಹೋದ ಅಷ್ಟು ಪಂಚಮಿಗಳು ಅವಳವು.